ಮೂರು ತಾಲೂಕಿಗೆ ಒಂದೇ ಪಟ್ಟಿ

ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಅರ್ಜಿ ಬರೆಸಿಕೊಂಡು, ಎರಡು ಫೋಟೋ ಅಂಟಿಸಿಕೊಂಡು, ನಮ್ಮ ಟೇಬಲ್ಲಿನ ಮುಂದೆ ಬಂದು ನಿಲ್ಲುತ್ತವೆ. ನಾನು ಆಳಂದದ ಕಡೆ ಕ್ಲರ್ಕ್ ಆಗಿ ಸೇರಿ ಇಪ್ಪತ್ತು ವರ್ಷ ದಾಟಿತು. ಅದರಲ್ಲಿ ಎರಡು ವರ್ಷ ಒಂದು ಪಟ್ಟಿ ಮಾಡುವ ಕೆಲಸಕ್ಕೆ ಹಾಕಿದ್ದರು. ಉಳಿದ ಹದಿನೆಂಟು ವರ್ಷದಲ್ಲಿ ನಕ್ಕಿದ್ದಕ್ಕಿಂತ ಆ ಎರಡು ವರ್ಷದಲ್ಲಿ ಹೆಚ್ಚು ನಕ್ಕಿದ್ದೇನೆ.

ಪಟ್ಟಿಯ ಕಥೆ ಹೀಗೆ. ನಮ್ಮ ಭಾಗದ ಜನರ ಹೆಸರು, ಊರು, ಹೊಲ, ವಯಸ್ಸು ಎಲ್ಲ ದೂರದ ಯಾವುದೋ ಕಂಪನಿಯ ಸಾಫ್ಟ್‌ವೇರಿನಲ್ಲಿ ಇರುತ್ತಿದ್ದವು. ಒಂದು ಇಲಾಖೆಯಲ್ಲಿ ಬರೆದ ಹೆಸರು ಇನ್ನೊಂದು ಇಲಾಖೆಗೆ ಹೋದರೆ ಗುರುತೇ ಸಿಗುತ್ತಿರಲಿಲ್ಲ. ಒಂದು ಕೊಂಬು ತಿದ್ದಬೇಕೆಂದರೂ ಕಂಪನಿಗೆ ಪತ್ರ ಬರೆದು ಕಾಯಬೇಕು. ಕಡೆಗೆ ಮೇಲಿನಿಂದ ಆದೇಶ ಬಂತು: ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆಯವರು ಕೂಡಿ, ಒಂದೇ ಮಾದರಿಯಲ್ಲಿ ಬರೆದ, ನಮ್ಮದೇ ಆದ ಒಂದು ಪಟ್ಟಿ ಮಾಡಬೇಕು. ತಾಲೂಕಿಗೆ ಒಬ್ಬರಂತೆ ಮೂವರು. ಆಳಂದದಿಂದ ನಾನು. ಜೇವರ್ಗಿಯಿಂದ ಒಬ್ಬ ಕಂಪ್ಯೂಟರ್ ಆಪರೇಟರ್. ನನಗಿಂತ ಎರಡು ವರ್ಷ ದೊಡ್ಡವರು, ಅಣ್ಣಾರು ಎಂದು ಕರೆಯುತ್ತಿದ್ದೆ. ಅಫಜಲಪುರದಿಂದ ದಫ್ತರದ ಕೋಣೆ ನೋಡಿಕೊಳ್ಳುವ ಹಿರಿಯರು. ನಿಜಾಮರ ಕಾಲದ ಉರ್ದು ಕಾಗದ ಓದಬಲ್ಲವರು ಅವರೊಬ್ಬರೇ. ಅವರನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು, ಸಾಹೇಬರೂ ಸಹ.

ಆದೇಶದಲ್ಲಿ 'ಡಿಜಿಟಲ್ ಸಾರ್ವಭೌಮತ್ವ' ಅಂತ ಒಂದು ಮಾತಿತ್ತು. ಚಾಚಾ ಕನ್ನಡಕ ಏರಿಸಿ ಎರಡು ಸಲ ಓದಿದರು.

“ಬೇಟಿ, ಹಂಗಂದ್ರ ಏನು?”

“ನಮ್ಮ ಮನಿ ಕೀಲಿ ನಮ್ಮ ಕೈಯಾಗ ಇರೋದು, ಚಾಚಾ.”

“ಈಗ ಯಾರ ಕೈಯಾಗ ಅದ?”

“ಕಂಪನಿಯವರ ಕೈಯಾಗ.”

“ಅವರು ಎಲ್ಲಿರ್ತಾರ?”

“ಗೊತ್ತಿಲ್ಲ ಚಾಚಾ. ಫೋನಿನ್ಯಾಗ ಇರ್ತಾರ.”

ಊರು ಬೆಂಗಳೂರಿಗೆ ಹೋಯಿತು

ನಮ್ಮ ಕಡೆ ಒಂದೇ ಹೆಸರಿನ ಎರಡು ಊರಿದ್ದರೆ ದೊಡ್ಡದಕ್ಕೆ ಬುದ್ರುಕ, ಸಣ್ಣದಕ್ಕೆ ಖುರ್ದ ಎನ್ನುವುದು ಹಿಂದಿನಿಂದ ಬಂದದ್ದು. ಕಾಗದದಲ್ಲಿ ಅಷ್ಟುದ್ದ ಬರೆಯುವ ತಾಳ್ಮೆ ಯಾರಿಗಿದೆ? ಊರಿನ ಹೆಸರಿನ ಮುಂದೆ ಬರೇ 'ಬಿ', ಬರೇ 'ಕೆ' ಅಂತ ಹಾಕಿ ಬಿಡುತ್ತಾರೆ. ಅಫಜಲಪುರದ ಕಡೆಯ ಗೊಬ್ಬೂರಕ್ಕೂ ಹಿಂಗೇ ಒಂದು 'ಬಿ' ಅಂಟಿಕೊಂಡಿದೆ.

ಕಂಪನಿಯವರು ಈ 'ಬಿ' ಏನು, 'ಕೆ' ಏನು ಅಂತ ನಮ್ಮನ್ನು ಕೇಳಲಿಲ್ಲ. ತಾವೇ ಕೂತು ಯೋಚಿಸಿ, 'ಕೆ' ಅಂದರೆ ಕರ್ನಾಟಕ, 'ಬಿ' ಅಂದರೆ ಬೆಂಗಳೂರು ಅಂತ ತೀರ್ಮಾನ ಮಾಡಿದರು. ಒಂದು ಸೋಮವಾರ ಬೆಳಗಾಗುವುದರೊಳಗೆ ನಮ್ಮ ಭಾಗದ 'ಬಿ' ಊರುಗಳೆಲ್ಲ ಬೆಂಗಳೂರು ಜಿಲ್ಲೆಗೆ ಸೇರಿದ್ದವು.

ಅವತ್ತು ನಾವು ಮೂವರು ಅಫಜಲಪುರದಲ್ಲೇ ಕೂತಿದ್ದೆವು. ಗೊಬ್ಬೂರದ ಹಿರಿಯ ರೈತರೊಬ್ಬರು ವಾಸಸ್ಥಳದ ದಾಖಲೆ ಹಿಡಿದುಕೊಂಡು ಬಂದರು.

“ಅಕ್ಕೋರ, ನಮ್ಮೂರು ಬೆಂಗಳೂರಿಗೆ ಹೋಗೇದಂತ ಇದರಾಗ ಬರದದ. ಯಾವಾಗ ಹೋತು?”

“ಹೋಗಿಲ್ಲ ಕಾಕಾ, ಕಂಪ್ಯೂಟರಿನ್ಯಾಗ ತಪ್ಪಾಗೇದ.”

“ನಾನೂ ಮಗಗ ಅದ ಹೇಳ್ದೆ. ಮುಂಜಾನಿ ನಾ ಬಸ್ ಹತ್ತೋವಾಗ ಅಲ್ಲೇ ಇತ್ತು.”

ಅವರೆದುರಿಗೇ ಕಂಪನಿಗೆ ಫೋನು ಹಚ್ಚಿದೆ. ಬಿ ಅಂದರೆ ಬೆಂಗಳೂರಲ್ಲ, ಬುದ್ರುಕ ಎಂದು ಬಿಡಿಸಿ ಹೇಳಿದೆ. ಆ ಕಡೆಯ ಹುಡುಗಿ ಬಹಳ ವಿನಯವಾಗಿ, “ಸರಿ ಮೇಡಮ್, ಬರ್ಕೊಂಡೆ. ಬುದ್ರುಕ ಯಾವ ರಾಜ್ಯದಲ್ಲಿ ಬರುತ್ತೆ?” ಅಂದಳು. ಮತ್ತೆ ಮೊದಲಿನಿಂದ ಹೇಳಿದೆ. ತಿದ್ದುಪಡಿಗೆ ಒಂದು ತಿಂಗಳು ಹಿಡಿಯುತ್ತದೆ ಅಂತ ಉತ್ತರ ಬಂತು.

“ಕಾಕಾ, ಒಂದು ತಿಂಗಳು ಹಿಂಗೇ ಇರ್ತದಂತ. ಏನೂ ತೊಂದ್ರಿ ಇಲ್ಲ,” ಅಂದೆ.

ಕಾಕಾ ಕಾಗದ ಮಡಚಿ ಕಿಸೆಗಿಟ್ಟುಕೊಂಡರು.

“ಇರ್ಲಿ ಬಿಡ್ರಿ. ಆ ಒಂದು ತಿಂಗಳಾಗ ಮೆಟ್ರೋ ಯಾವ ದಿನ ಬರ್ತದ, ಅಷ್ಟು ಕೇಳಿ ಹೇಳ್ರಿ. ಬಸ್ಸಿಗೆ ನಿಂತು ನಿಂತು ಮಣಕಾಲು ಹೋಗ್ಯಾವ.”

ಬೆಳೆದ ತೊಗರಿ

ಪಟ್ಟಿಗೆ ಎಲ್ಲರ ಹೆಸರನ್ನೂ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು ಅಂತ ನಾವು ಒಂದು ನಿಯಮ ಮಾಡಿಕೊಂಡಿದ್ದೆವು. ಹಳೇ ಕಾಗದ ನೋಡಿ ಬರೆದರೆ ಹಳೇ ತಪ್ಪು ಹೊಸ ಪಟ್ಟಿಗೆ ಬಂದು ಕೂಡುತ್ತದೆ. ನಿಯಮವೇನೋ ಒಳ್ಳೆಯದೇ. ಅದನ್ನು ಹಿಡಿದುಕೊಂಡು ನಾನು ನಿಂಬರ್ಗಾಕ್ಕೆ ಹೋದೆ.

ಅಲ್ಲೊಬ್ಬ ಅಜ್ಜಿ. ತೊಗರಿ ಹೊಲದಲ್ಲಿ ಕೂಲಿ ಮಾಡಿ ಬೆನ್ನು ಬಾಗಿಸಿಕೊಂಡವಳು, ಆದರೆ ಮಾತು ನೆಟ್ಟಗೆ. ಅವಳ ಹೆಸರು, ಅಪ್ಪನ ಹೆಸರು, ಮಕ್ಕಳ ಹೆಸರು ಎಲ್ಲ ಪಟಪಟ ಹೇಳಿದಳು. ಗಂಡನ ಹೆಸರು ಕೇಳಿದ ಕೂಡಲೇ ಸೆರಗು ಬಾಯಿಗೆ ಹೋಯಿತು.

“ನಾ ಹೆಂಗ ಹೇಳ್ಲೆವ್ವ? ಅಲ್ಲೇ ಕುಂತಾರ, ಅವರನ್ನೇ ಕೇಳು.”

ಗಂಡ ಕಟ್ಟೆಯ ಮೇಲೆ ಕೂತು ಎಲೆ ಹಾಕಿಕೊಳ್ಳುತ್ತಿದ್ದರು. ಕೇಳಬಹುದಿತ್ತು. ಆದರೆ ನಿಯಮ ನಿಯಮವೇ.

“ಬ್ಯಾಡ ಯಮ್ಮ, ನೀನ ಹೇಳಬೇಕು. ಸುಮ್ಮನ ಹೇಳಾಕ ನಾಚಿಕಿ ಅನಿಸಿದ್ರ ಒಡಪು ಹಾಕಿ ಹೇಳು.”

ಅಷ್ಟು ಹೇಳಿದ್ದೇ ತಡ, ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿದರು. ಮದುವೆಯಲ್ಲಿ ಗಂಡನ ಹೆಸರನ್ನು ಒಡಪಿನಲ್ಲಿ ಇಟ್ಟು ಹೇಳುವುದು ನಮ್ಮಲ್ಲಿ ವಾಡಿಕೆ. ಅಜ್ಜಿ ಐವತ್ತು ವರ್ಷ ಹಿಂದಿನ ಮದುಮಗಳ ಹಾಗೆ ತಲೆ ತಗ್ಗಿಸಿ, ರಾಗವಾಗಿ ಹೇಳಿದಳು:

“ಕರಿ ಹೊಲದಾಗ ಚಂದಾಗಿ ಬೆಳದಾದ ತೊಗರಿ, ಶಿವಲಿಂಗಪ್ಪನ ಹೆಸರ ಹೇಳೇನಿ, ಬರ್ಕೊಳ್ಳೋರು ಬರ್ಕೋರಿ.”

ನನಗೆ ಎಷ್ಟು ಖುಷಿಯಾಯಿತೆಂದರೆ, ಮರೆತು ಹೋದೀತೆಂದು ಟ್ಯಾಬಿನಲ್ಲಿ ಎದುರಿಗಿದ್ದ ಖಾನೆಯಲ್ಲೇ ಪೂರಾ ಒಡಪನ್ನು ಬರೆದುಕೊಂಡೆ. ಆಮೇಲೆ ಅಳಿಸಿ ಹೆಸರಷ್ಟೇ ಬರೆದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಅಜ್ಜಿ ಚಹಾ ತಂದಳು, ಅದರ ಹಿಂದೆ ಶೇಂಗಾದ ಹೋಳಿಗೆ ಬಂತು. ಅಳಿಸುವುದು ಮರೆತುಹೋಯಿತು.

ಆ ಖಾನೆಗೆ ಇಂತಿಷ್ಟೇ ಅಕ್ಷರ ಅಂತ ಮಿತಿ ಇತ್ತು. ಕಂಪ್ಯೂಟರು ಮಿತಿ ಮುಟ್ಟಿದ ಕಡೆ ಕತ್ತರಿಸಿತು. ತಿಂಗಳಾದ ಮೇಲೆ ಹೊಸ ಪಟ್ಟಿಯ ಗುರುತಿನ ಕಾರ್ಡು ಅಜ್ಜಿಯ ಮನೆಗೆ ಹೋಯಿತು. ಗಂಡನ ಹೆಸರಿನ ಜಾಗದಲ್ಲಿ 'ಕರಿ ಹೊಲದಾಗ ಚಂದಾಗಿ ಬೆಳದಾದ ತೊಗರಿ' ಅಂತ ಅಚ್ಚಾಗಿತ್ತು.

ಶಿವಲಿಂಗಪ್ಪ ಮಾಮಾ ಕಾರ್ಡು ಹಿಡಿದು ನೆಟ್ಟಗೆ ನನ್ನ ಟೇಬಲ್ಲಿಗೆ ಬಂದರು. ನಾನು ನೋಡಿದ ಕೂಡಲೇ ಎದ್ದು ನಿಂತೆ.

“ಮಾಮಾ, ತಪ್ಪು ನಂದೇ. ಈಗಿಂದೀಗ ತಿದ್ತೇನಿ, ಕೊಡ್ರಿ.”

ಮಾಮಾ ಕಾರ್ಡನ್ನು ಎದೆಗೆ ಅವಚಿಕೊಂಡರು.

“ತಿದ್ದಬ್ಯಾಡವ್ವ. ಲಗ್ನಾದಾಗಿಂದ ಆಕಿ ನನಗ ಇನ್ನೂ ಬೆಳೀಲಿಲ್ಲ, ಬೆಳೀಲಿಲ್ಲ ಅಂತ ಬೈಕೋತ ಬಂದಾಳ. ಇವತ್ತ ಸರ್ಕಾರದ ಕಾಗದದಾಗ ಚಂದಾಗಿ ಬೆಳದಾದ ಅಂತ ಬರಸ್ಯಾಳ. ಇದರದು ಇನ್ನೊಂದು ನಕಲು ಸಿಗ್ತದೇನು ಅಂತ ಕೇಳಾಕ ಬಂದೇನಿ.”

ಒಂದೇ ಕೈಯಲ್ಲಿ ಹುಟ್ಟಿದವರು

ಕಂಪನಿಯಿಂದ ಒಬ್ಬರು ಖುದ್ದಾಗಿ ಬಂದಿದ್ದರು. ಇಸ್ತ್ರಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ಮುಖದಲ್ಲಿ ಅನುಮಾನ. ಒಂದು ಹಳ್ಳಿಯ ಹಾಳೆ ತೋರಿಸಿ ದನಿ ಇಳಿಸಿ ಹೇಳಿದರು: “ಮೇಡಮ್, ಇದರಲ್ಲಿ ದೊಡ್ಡ ಮೋಸ ನಡೆದಿದೆ. ಇಡೀ ಊರು ಜೂನ್ ಒಂದನೇ ತಾರೀಖು ಹುಟ್ಟಿದೆ.”

ಅದು ಮೋಸವಲ್ಲ, ಹಿಂದಿನ ಕಾಲದಲ್ಲಿ ಶಾಲೆಗೆ ಹೆಸರು ಹಚ್ಚುವಾಗ ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಮಾಸ್ತರರು ಜೂನ್ ಒಂದು ಹಾಕುತ್ತಿದ್ದರು, ಎಂದು ನಾನು ಹೇಳಿದೆ. ಅವರು ನಂಬಲಿಲ್ಲ. ಊರಿಗೇ ಹೋಗಿ ವಿಚಾರಿಸಬೇಕು ಅಂದರು. ಹೋದೆವು. ಹನುಮಂತ ದೇವರ ಗುಡಿ ಕಟ್ಟೆಯ ಮೇಲೆ ರಿಟೈರಾದ ಹೆಡ್‌ಮಾಸ್ತರರು ಪೇಪರ್ ಓದುತ್ತ ಕೂತಿದ್ದರು. ಕಂಪನಿಯವರು ಅವರ ಹತ್ತಿರ ಹೋಗಿ, ಈ ಊರಿನವರ ಹುಟ್ಟಿದ ದಿನದ ಬಗ್ಗೆ ಯಾರನ್ನು ಕೇಳಬೇಕು ಎಂದರು.

“ನನ್ನನ್ನ ಕೇಳ್ರಿ,” ಅಂದರು ಮಾಸ್ತರರು, ಪೇಪರ್ ಇಳಿಸದೆ. “ಈ ಊರಾಗ ಐವತ್ತರ ಆಸುಪಾಸಿನವರು ಅಷ್ಟೂ ಮಂದಿ ನನ್ನ ಕೈಯಾಗ ಹುಟ್ಟಾರ.”

ಕಂಪನಿಯವರ ಮುಖದ ಅನುಮಾನ ಹೋಗಿ ದೊಡ್ಡ ಗೌರವ ಬಂತು. ತಮ್ಮ ವರದಿಯಲ್ಲಿ ಏನೋ ಬರೆದುಕೊಂಡರು. ಆಮೇಲೆ ವರದಿಯ ಪ್ರತಿ ನಮಗೂ ಬಂತು. 'ಸ್ಥಳೀಯ ಹಿರಿಯರೊಬ್ಬರನ್ನು ವಿಚಾರಿಸಲಾಯಿತು. ಉದ್ಯೋಗ: ಸೂಲಗಿತ್ತಿ.'

ನಾಲ್ಕನೆಯವನ ಬಸ್ಸು

ಒಬ್ಬ ಮುದುಕರ ಪಿಂಚಣಿ ನಿಂತಿತ್ತು. ಕಾರಣ ಹುಡುಕಿದಾಗ ಕಂಡದ್ದು ಇದು: ಹೊಲದ ಪಹಣಿಯಲ್ಲಿ ಅವರು ಮಹಿಬೂಬಸಾಬ, ರೇಷನ್ ಕಾರ್ಡಿನಲ್ಲಿ ಮೆಹಬೂಬ, ಪಿಂಚಣಿಯಲ್ಲಿ ಮೈಬುಸಾಬ, ಮತದಾರರ ಪಟ್ಟಿಯಲ್ಲಿ ಮೈಬೂಬ ಅಲಿ. ನಾಲ್ಕೂ ಕಡೆ ಬರೆದವರು ತಮ್ಮ ತಮ್ಮ ಕಿವಿಗೆ ಕೇಳಿದಂತೆ ಬರೆದಿದ್ದರು. ಯಾರನ್ನೂ ತಪ್ಪು ಅನ್ನುವ ಹಾಗಿಲ್ಲ. ಕಂಪನಿಯ ಸಾಫ್ಟ್‌ವೇರು ಮಾತ್ರ ಇವರು ನಾಲ್ಕು ಬೇರೆ ಬೇರೆ ಜನ ಅಂತ ನಿರ್ಧರಿಸಿ, ಒಂದೇ ಮನೆಯಲ್ಲಿ ನಾಲ್ವರು ಗಂಡಸರೂ ಒಬ್ಬಳೇ ಹೆಂಡತಿಯ ಹೆಸರು ಹೇಳುತ್ತಿದ್ದಾರೆಂದು ಕೆಂಪು ಗೆರೆ ಎಳೆದಿತ್ತು.

ಹೊಸದಾಗಿ ಬಂದಿದ್ದ ಸಾಹೇಬರಿಗೆ ಕೆಂಪು ಗೆರೆ ಕಂಡರೆ ಗಾಬರಿ. “ನಾಲ್ವರಿಗೂ ನೋಟೀಸು ಕಳಿಸಿ, ವಿಚಾರಣೆಗೆ ಕರೆಸಿ,” ಅಂದರು. ನಾಲ್ಕು ನೋಟೀಸು ಹೋದವು.

ವಿಚಾರಣೆಯ ದಿನ ಮುದುಕರು ಬಿಳೀ ಅಂಗಿ ಹಾಕಿಕೊಂಡು, ಟೋಪಿ ಸರಿ ಮಾಡಿಕೊಂಡು ಬಂದರು. ಕೈಯಲ್ಲಿ ಮೂರು ನೋಟೀಸು. ಕಚೇರಿಯ ಜವಾನ ಬಾಗಿಲಲ್ಲಿ ನಿಂತು ಒಂದೊಂದೇ ಹೆಸರು ಕೂಗಿದ.

“ಮಹಿಬೂಬಸಾಬ.”

“ಬಂದೇನ್ರಿ.”

“ಮೆಹಬೂಬ.”

ಮುದುಕರು ಒಂದು ಹೆಜ್ಜೆ ಎಡಕ್ಕೆ ಸರಿದು ನಿಂತರು. “ಬಂದೇನ್ರಿ.”

“ಮೈಬುಸಾಬ.”

ಇನ್ನೊಂದು ಹೆಜ್ಜೆ ಎಡಕ್ಕೆ. “ಹಾಜರ್.”

“ಮೈಬೂಬ ಅಲಿ.”

ಉತ್ತರ ಇಲ್ಲ. ಜವಾನ ಮತ್ತೊಮ್ಮೆ ಕೂಗಿದ. ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. “ಮೈಬೂಬ ಅಲಿ ಯಾಕೆ ಬಂದಿಲ್ಲ?”

“ಅವನ ನೋಟೀಸು ಇನ್ನೂ ಮನಿಗೆ ಮುಟ್ಟಿಲ್ರಿ ಸಾಹೇಬ್ರ,” ಅಂದರು ಮುದುಕರು ಶಾಂತವಾಗಿ. “ಮುಟ್ಟಿದ್ರ ನನ್ನ ಕೂಡೇ ಬರ್ತಿದ್ದ. ನಾವು ನಾಲ್ಕೂ ಮಂದಿ ಬಸ್ಸಿನ ಒಂದೇ ಸೀಟಿನ್ಯಾಗ ಕೂಡ್ತೇವಿ.”

ಸಾಹೇಬರು ಮೊದಲು ನಕ್ಕರು, ಆಮೇಲೆ ಎದ್ದು ಕುರ್ಚಿ ಕೊಟ್ಟರು. ಚಾಚಾ ದಫ್ತರದಿಂದ ಮುದುಕರ ತಂದೆಯ ಕಾಲದ ಉರ್ದು ಕಾಗದ ತೆಗೆದು ಓದಿ, ಮೂಲದಲ್ಲಿ ಹೆಸರು ಹೇಗಿದೆ ಅಂತ ತೋರಿಸಿದರು. ಹೆಸರು ಯಾರು ಹೇಗೇ ಕರೆದರೂ ಒಬ್ಬ ಮನುಷ್ಯನಿಗೆ ಒಂದೇ ಸಂಖ್ಯೆ, ಎಲ್ಲ ಇಲಾಖೆಯೂ ಅದನ್ನೇ ನೋಡಬೇಕು ಅನ್ನುವ ನಿಯಮ ನಾವು ಬರೆದದ್ದು ಅವತ್ತೇ. ಪಿಂಚಣಿ ಮತ್ತೆ ಶುರುವಾಯಿತು. ಸುದ್ದಿ ಹೇಳಲು ಫೋನು ಮಾಡಿದಾಗ ಮುದುಕರು ಕೇಳಿದರು, “ಶುಕ್ರಿಯಾ ಬೇಟಿ. ಮೈಬುಸಾಬಗ ಬಂತು ಅಂತ ತಿಳೀತು. ಉಳಿದ ಮೂವರಿಗೆ ಯಾವಾಗ ಬರ್ತದ?”

ಪಂಚಮಿಗೆ ಬಂದ ಊರುಗಳು

ಯಡ್ರಾಮಿ ಮೊದಲು ಜೇವರ್ಗಿ ತಾಲೂಕಿನಲ್ಲೇ ಇತ್ತು. ಈಗ ಅದೇ ಒಂದು ತಾಲೂಕು. ಜೇವರ್ಗಿಯ ಅಣ್ಣಾರಿಗೆ ಮಾತ್ರ ಇದು ಮನಸ್ಸಿಗೆ ಒಗ್ಗಿರಲಿಲ್ಲ. ಪ್ರತಿ ಸಲ ಪಟ್ಟಿ ತರುವಾಗಲೂ ಯಡ್ರಾಮಿಯ ಕಡೆಯ ಹಳ್ಳಿಗಳು ಅದರಲ್ಲಿ ಇರುತ್ತಿದ್ದವು.

“ಅಣ್ಣಾರ, ಇವು ಈಗ ನಿಮ್ಮವಲ್ಲ. ತಗೀರಿ,” ಅಂತ ನಾನು ಎಷ್ಟು ಸಲ ಹೇಳಿದ್ದೆನೋ.

“ತಗೀತೇನಿ ತಂಗಿ. ಮಗಳನ್ನ ಕೊಟ್ಟ ಮ್ಯಾಲ ರೇಷನ್ ಕಾರ್ಡಿನಿಂದ ಹೆಸರು ತಗೀಬೇಕು, ಖರೆ. ಆದ್ರ ಯಾವ ತಂದಿ ಮರುದಿನಾನೇ ಹೋಗಿ ತಗಸ್ತಾನ, ನೀನ ಹೇಳು.”

ಹೀಗೇ ಮೂರು ತಿಂಗಳಾಯಿತು. ಒಂದು ದಿನ ಯಡ್ರಾಮಿಯ ಕಡೆಯಿಂದ ಅವರಿಗೇ ಫೋನು ಬಂತು. ನಮ್ಮ ಊರುಗಳು ಇನ್ನೂ ನಿಮ್ಮ ಪಟ್ಟಿಯಲ್ಲೇ ಇವೆ, ನಮಗೆ ಯಾವಾಗ ಕೊಡುತ್ತೀರಿ ಅಂತ ಆ ಕಡೆಯವರು ಸ್ವಲ್ಪ ಬಿರುಸಾಗಿಯೇ ಕೇಳಿದರು. ಶ್ರಾವಣದ ದಿನಗಳು, ನಾಗರ ಪಂಚಮಿ ನಾಲ್ಕು ದಿನಕ್ಕೆ ಬಂದಿತ್ತು.

“ಪಂಚಮಿಗೆ ತವರಿಗೆ ಬಂದಾವ್ರಿ,” ಅಂದರು ಅಣ್ಣಾರು. “ಹಬ್ಬ ಮುಗೀಲಿ, ಉಂಡಿ ಕಟ್ಟಿಕೊಟ್ಟು ನಾನ ಬಂದು ಬಿಟ್ಟು ಹೋಗ್ತೇನಿ.”

ಹಬ್ಬದ ಮರುದಿನ ಬಿಟ್ಟು ಬಂದರು. ಜೊತೆಗೆ ನಿಜವಾಗಿಯೂ ಒಂದು ಡಬ್ಬಿ ಉಂಡಿ ಒಯ್ದಿದ್ದರು.

ಹಿಟ್ಟು ಯಾರದು

ಹೆಸರುಗಳನ್ನು ಜನರ ಬಾಯಿಂದಲೇ ಬರೆದುಕೊಂಡಿದ್ದರೂ ತಾಳೆ ನೋಡಲು ಹಳೇ ಮಾಹಿತಿ ಬೇಕಾಗಿತ್ತು. ಅದು ಕಂಪನಿಯ ಹತ್ತಿರ ಇತ್ತು. ಕೊಡಿ ಅಂತ ಪತ್ರ ಬರೆದೆವು. ಮೊದಲ ಸಲ ಕಳಿಸಿದ ಕಡತ ತೆರೆದರೆ ಅಕ್ಷರದ ಬದಲು ಸಣ್ಣ ಸಣ್ಣ ಚೌಕಗಳು. ಅಣ್ಣಾರು, “ಇದು ಅವರ ಫಾಂಟಿನ್ಯಾಗಷ್ಟೇ ಕಾಣ್ತದ. ಎಲ್ಲಾ ಕಡೆ ಓದಾಕ ಬರೋ ಹಂಗ ಕೊಡ್ರಿ ಅಂತ ಕೇಳಬೇಕು,” ಅಂದರು. ಚಾಚಾ ಪರದೆಯನ್ನು ಬಹಳ ಹೊತ್ತು ನೋಡಿ, “ನಾ ಮೋಡಿ ಲಿಪಿ ಓದೇನಿ, ಉರ್ದು ಓದೇನಿ. ಈ ಕೌದಿಗೆ ಹಚ್ಚಿದ ಅರಿವಿ ತ್ಯಾಪಿ ಓದಾಕ ಬರಂಗಿಲ್ಲ,” ಅಂದರು.

ಮತ್ತೆ ಫೋನು ಹಚ್ಚಿ, ಎಲ್ಲರೂ ಕೇಳುವಂತೆ ಸ್ಪೀಕರಿನಲ್ಲಿಟ್ಟೆ. ಈ ಸಲ ಒಬ್ಬ ಹುಡುಗ ಎತ್ತಿದ. ಬೆಂಗಳೂರು ಕನ್ನಡ, ಬಹಳ ಮರ್ಯಾದೆಯ ಮಾತು. ಓದಲು ಬರುವ ರೀತಿಯಲ್ಲಿ ಕೊಡಬೇಕಾದರೆ ನಮ್ಮ ಮ್ಯಾನೇಜ್‌ಮೆಂಟಿನ ಪರವಾನಗಿ ಬೇಕು ಮೇಡಮ್, ಅದು ನಮ್ಮ ಸ್ವತ್ತು ಅಂದ.

“ನಮ್ಮ ಊರವರ ಹೆಸರು ನಿಮ್ಮ ಸ್ವತ್ತು ಹೆಂಗಾಗ್ತದ್ರಿ?” ಅಂದೆ.

“ಹೆಸರು ನಿಮ್ಮದೇ ಮೇಡಮ್. ಅದನ್ನು ಜೋಡಿಸಿದ ರೀತಿ ನಮ್ಮದು.”

ಚಾಚಾ ಕುರ್ಚಿಯನ್ನು ಫೋನಿನ ಹತ್ತಿರ ಎಳೆದುಕೊಂಡರು. ಚಾಚಾನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ.

“ಬೇಟಾ, ಜರಾ ನನ್ನ ಮಾತು ಕೇಳು. ಜ್ವಾಳ ನಮ್ದು. ನಾವ ಬಿತ್ತಿದ್ದು, ನಾವ ರಾಶಿ ಮಾಡಿದ್ದು. ಗಿರಣಿ ನಿಮ್ದು, ಒಪ್ಪೇನಿ. ಬೀಸಿದ್ದಕ್ಕ ಏನು ಕೊಡಬೇಕು ಕೊಟ್ಟೇವಿ. ಈಗ ಹಿಟ್ಟು ಕೊಡು ಅಂದ್ರ, ಹಿಟ್ಟು ನಮ್ದು, ಬೇಕಾದ್ರ ದೂರ ನಿಂತು ನೋಡಿ ಹೋಗ್ರಿ ಅಂತೀರಿ. ಯಾವ ಗಿರಣಿಯಾಗ ಈ ಕಾಯ್ದೆ ಅದ?”

ಅಣ್ಣಾರು ಟೈಪ್ ಮಾಡುವುದನ್ನು ನಿಲ್ಲಿಸಿದರು. ಇಂಥ ಮಾತಿಗೆ ಆ ಹುಡುಗ ಏನು ಉತ್ತರ ಕೊಟ್ಟಾನು ಅಂತ ನಾನು ಫೋನನ್ನೇ ನೋಡುತ್ತ ಕೂತೆ. ಆ ಕಡೆಯಿಂದ ಕೀಲಿಮಣೆಯ ಟಕಟಕ ಸದ್ದು ಕೇಳಿಸಿತು. ಒಂದು ನಿಮಿಷವಾಯಿತು, ಎರಡು ನಿಮಿಷವಾಯಿತು.

“ಸಾರಿ ಸರ್,” ಅಂದ ಹುಡುಗ. “ಗಿರಣಿ ಅನ್ನೋ ಊರು ನಮ್ಮ ಲಿಸ್ಟಲ್ಲಿ ಎಲ್ಲೂ ಸಿಗ್ತಾ ಇಲ್ಲ. ಮೂರರಲ್ಲಿ ಯಾವ ತಾಲೂಕು ಸರ್?”

ಚಾಚಾ ತೀರಿಕೊಂಡದ್ದು

ಮೇಲಿನವರು ಮಧ್ಯೆ ಬಂದು ಮಾಹಿತಿ ಕೊಡಿಸಿದರು. ಅಣ್ಣಾರು ಎರಡು ತಿಂಗಳು ಕೂತು ಅಷ್ಟನ್ನೂ ಎಲ್ಲರಿಗೂ ಓದಲು ಬರುವ ಅಕ್ಷರಕ್ಕೆ ತಂದರು. ಪಟ್ಟಿ ನಮ್ಮದಾಯಿತು. ಇನ್ನು ಇದನ್ನು ಯಾರೂ ಕೆಡಿಸಬಾರದು ಎಂದು ಚಾಚಾ ಒಂದು ನಿಯಮ ಬರೆಸಿದರು. ಸೇರಿಸಿದ ಮಾಹಿತಿಯನ್ನು ಯಾರೂ ಒಬ್ಬರೇ ಕೂತು ತಿದ್ದುವಂತಿಲ್ಲ. ಮೂರೂ ತಾಲೂಕಿನವರು ಕೂಡಿ ಒಪ್ಪಬೇಕು. ಬೇರೆ ತಾಲೂಕಿನ ಸಾಕ್ಷಿಯೊಬ್ಬರು ಖುದ್ದಾಗಿ ಬಂದು ಷರಾ ಬರೆಯಬೇಕು. ಬರೆದ ಷರಾವನ್ನು ಯಾವ ಕಾಲಕ್ಕೂ ಅಳಿಸುವಂತಿಲ್ಲ.

ನಾನೂ ಒಂದು ಬುದ್ಧಿ ಓಡಿಸಿದ್ದೆ. ನಮ್ಮ ನೌಕರರಲ್ಲಿ ಯಾರಾದರೂ ತೀರಿಕೊಂಡರೆ ಮೂರೂ ತಾಲೂಕಿನ ನೌಕರರಿಗೆ, ರಿಟೈರಾದವರಿಗೆ ತಾನಾಗಿಯೇ ಸಂತಾಪದ ಮೆಸೇಜು ಹೋಗಬೇಕು. ಈ ಬುದ್ಧಿಗೆ ಸಾಹೇಬರು ನನ್ನನ್ನು ಹೊಗಳಿದ್ದರು.

ಪಟ್ಟಿಗಳನ್ನು ಕೂಡಿಸುವಾಗ ಒಂದೇ ಹೆಸರಿನ, ತಂದೆಯ ಹೆಸರೂ ಒಂದೇ ಆದ ಎರಡು ದಾಖಲೆ ಕಂಡವು. ಒಂದು ಅಫಜಲಪುರದ್ದು, ಒಂದು ಜೇವರ್ಗಿ ಕಡೆಯದು. ನಿಯಮ ತಿದ್ದುವುದಕ್ಕಷ್ಟೇ, ಕೂಡಿಸುವುದಕ್ಕಲ್ಲ ಅಂದುಕೊಂಡು, ಇಬ್ಬರೂ ಒಬ್ಬರೇ ಅಂತ ನಾನು ಕೂಡಿಸಿಬಿಟ್ಟೆ. ಜೇವರ್ಗಿ ಕಡೆಯವರು ತೀರಿಕೊಂಡು ವರ್ಷವಾಗಿತ್ತು. ಅಫಜಲಪುರದವರು ನಮ್ಮ ಚಾಚಾ; ಚಾಚಾ ಅಂತ ಕರೆದು ಕರೆದು, ಅವರ ನಿಜವಾದ ಹೆಸರು ಎದುರಿಗಿದ್ದರೂ ನನಗೆ ಗುರುತು ಹತ್ತಿರಲಿಲ್ಲ.

ಮರುದಿನ ಮುಂಜಾನೆ ಅಫಜಲಪುರದ ಕೋಣೆಯಲ್ಲಿ ಕೂತಿದ್ದಾಗ ಮೂವರ ಫೋನೂ ಒಟ್ಟಿಗೆ ಸದ್ದು ಮಾಡಿದವು. ಚಾಚಾ ತಮ್ಮ ಫೋನು ತೆಗೆದು ಓದಿದರು. ಅದು ಚಾಚಾನದೇ ಸಂತಾಪದ ಮೆಸೇಜು.

“ಬೇಟಿ, ನಾ ಯಾವಾಗ ತೀರ್ಕೊಂಡೆ?”

“ನಾ ಕೂಡಿಸಿದ ತಾರೀಖೇ ಹಿಡದದ. ನಿನ್ನಿ ಅಂತ ತೋರಸಾಕತ್ತದ, ಚಾಚಾ.”

“ನಿನ್ನಿ ನಾ ರಜಾ ಹಾಕಿದ್ದಿಲ್ಲಲ್ಲ.”

ನನಗೆ ಅಳುವೇ ಬಂದಿತ್ತು. ಪಾಸ್‌ವರ್ಡ್ ಅಣ್ಣಾರ ಹತ್ತಿರವೇ ಇದೆ, ಯಾರಿಗೂ ಹೇಳದೆ ಈಗಲೇ ತಿದ್ದಿಬಿಡೋಣ ಅಂದೆ. ಅಣ್ಣಾರು ಕೈ ಕೀಲಿಮಣೆಯ ಮೇಲಿಟ್ಟರು. ಚಾಚಾ ಆ ಕೈ ಹಿಡಿದರು.

“ಬ್ಯಾಡ. ನಮ್ಮ ಕಾಯ್ದೆ ನಾವ ಮಾಡೇವಿ. ಇವತ್ತ ನನ್ನ ಸಲುವಾಗಿ ಮುರದ್ರ, ನಾಳಿ ಹೊಲ ನುಂಗೋರ ಸಲುವಾಗಿ ಮುರೀತಾರ. ನೀ ಮೀಟಿಂಗ್ ಕರಿ. ಅಲ್ಲೀತನಕ ನಾ ಸತ್ತು ಕೂಡ್ತೇನಿ.”

ಮನೆಗೆ ಮಾತ್ರ ಫೋನು ಮಾಡಿ, ನಾನು ಸತ್ತ ಸುದ್ದಿ ಬಂದರೆ ನಂಬಬೇಡ, ಮಧ್ಯಾಹ್ನ ಊಟಕ್ಕೆ ಬರುತ್ತೇನೆ ಅಂತ ಹೇಳಿದರು. ಆಮೇಲೆ ಮೇಜಿನ ಕೆಳಗೆ ಬಗ್ಗಿ ಒಂದು ಹಳೇ ಗಂಟು ಬಿಚ್ಚಿ ಕಾಗದ ಹುಡುಕತೊಡಗಿದರು.

ಹನ್ನೆರಡು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹಿರಿಯರು ಬಂದು ನಿಂತರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ದೊಡ್ಡ ಹೂವಿನ ಹಾರ, ಅತ್ತು ಕೆಂಪಾದ ಕಣ್ಣು. ಅವರು ಜೇವರ್ಗಿಯ ರಿಟೈರಾದ ಸರ್ವೇಯರು. ಒಂದು ಕಾಲಕ್ಕೆ ಚಾಚಾ ಮತ್ತು ಅವರು ಒಂದೇ ಡಬ್ಬಿಯಲ್ಲಿ ಉಂಡವರು. ಯಾವುದೋ ಹೊಲದ ಗಡಿಯ ಬಾಂದಕಲ್ಲು ಎಲ್ಲಿತ್ತು ಅನ್ನುವ ವಿಷಯಕ್ಕೆ ಜಗಳ ಬಿದ್ದ ಮೇಲೆ ಆರು ವರ್ಷದಿಂದ ಮಾತು ಬಿಟ್ಟಿದ್ದರು. ಅವರಿಗೆ ಕಂಡದ್ದು ಮೇಜಿನ ಕೆಳಗೆ ಬಗ್ಗಿದ್ದ ಒಂದು ಬೆನ್ನು ಮಾತ್ರ. ನಾನು ಬಾಯಿ ತೆರೆಯುವುದರೊಳಗೆ ಆ ಬೆನ್ನನ್ನೇ ಕೇಳಿದರು.

“ಚಾಚಾಂದು ಮಣ್ಣು ಎಷ್ಟು ಗಂಟೇಕ್ಕ ಇಟ್ಟಾರ್ರಿ?”

“ಊಟಾದ ಮ್ಯಾಲ ನೋಡಾಮು,” ಅಂತ ಮೇಜಿನ ಕೆಳಗಿಂದ ದನಿ ಬಂತು. ಹಿಂದೆಯೇ ಚಾಚಾ ತಲೆ ಎತ್ತಿದರು.

ಸರ್ವೇಯರು ಹಾರವನ್ನು ಬೆನ್ನ ಹಿಂದೆ ಸರಿಸಿದರು.

“ಸತ್ತೀದಿ ಅಂತ ಬಂದೇನಿ,” ಅಂದರು. “ಬದುಕೀದಿ ಅಂತ ಗೊತ್ತಿದ್ರ ಬರ್ತಿದ್ದಿಲ್ಲ.”

“ಬಂದೀದಿ, ಕೂಡು. ಹಾರ ಆ ಕುರ್ಚಿ ಮ್ಯಾಲಿಡು, ಒಣಗ್ತದ.”

ನಾನು ಚಹಾ ತರಿಸಿದೆ. ಕಪ್ಪು ಖಾಲಿಯಾಗುವುದರೊಳಗೆ ಮೊಮ್ಮಕ್ಕಳ ಸುದ್ದಿ, ಮಂಡಿನೋವಿನ ಸುದ್ದಿ ಎಲ್ಲ ಬಂತು. ಅಣ್ಣಾರು ಮೆಲ್ಲಗೆ ನನ್ನ ಕಡೆ ಬಾಗಿ, ಬೇರೆ ತಾಲೂಕಿನ ಸಾಕ್ಷಿ ತಾನಾಗಿಯೇ ಬಂದು ಕೂತಿದೆ, ಮೂವರೂ ಇಲ್ಲೇ ಇದ್ದೇವೆ, ಮೀಟಿಂಗ್ ಈಗಲೇ ಮಾಡೋಣ ಅಂದರು. ಸರ್ವೇಯರಿಗೆ ವಿಷಯವೆಲ್ಲ ತಿಳಿಸಿ, ಚಾಚಾ ಬದುಕಿದ್ದಾರೆಂದು ಷರಾ ಬರೆದುಕೊಡಿ ಎಂದು ಕೇಳಿಕೊಂಡೆ. ಅವರು ಪೆನ್ನು ಕೈಗೆ ತಗೊಂಡರು, ಬರೆಯಲಿಲ್ಲ.

“ಮೊದ್ಲು ಬಾಂದಕಲ್ಲು ನಾ ಹೇಳಿದ ಜಾಗಾದಾಗೇ ಇತ್ತು ಅಂತ ಒಪ್ಪು. ಆಮ್ಯಾಲ ಸಹಿ ಮಾಡ್ತೇನಿ.”

“ಸತ್ತರೂ ಒಪ್ಪಂಗಿಲ್ಲ,” ಅಂದರು ಚಾಚಾ.

“ಸತ್ತೀದಿ. ಈಗಾರ ಒಪ್ಪು.”

ಒಂದು ತಾಸು ವಾದ ನಡೆಯಿತು. ನಕ್ಷೆ ಬಂತು, ಉರ್ದು ಕಾಗದ ಬಂತು, ಮೇಜಿನ ಮೇಲೆ ಚಹಾದ ಕಪ್ಪುಗಳನ್ನಿಟ್ಟು ಇದು ಬಾವಿ, ಇದು ಬೇವಿನ ಗಿಡ ಅಂತ ತೋರಿಸಿದ್ದೂ ಆಯಿತು. ಚಾಚಾ ಕೂದಲೆಳೆಯಷ್ಟೂ ಅಲುಗಲಿಲ್ಲ. ಕಡೆಗೆ ಸರ್ವೇಯರು ತಮ್ಮ ಕೈಯಿಂದಲೇ ಹಾರವನ್ನು ಚಾಚಾನ ಕೊರಳಿಗೆ ಹಾಕಿ, ಕನ್ನಡಕ ಒರೆಸಿಕೊಂಡು, ಸರ್ಕಾರಿ ಕನ್ನಡದಲ್ಲಿ ಷರಾ ಬರೆದು ಸಹಿ ಹಾಕಿದರು. ಅದನ್ನು ಹಾಗೇ ಕಂಪ್ಯೂಟರಿಗೆ ಏರಿಸಿದೆವು. ಅಳಿಸುವಂತಿಲ್ಲವಾದ್ದರಿಂದ, ಇವತ್ತಿಗೂ ಮೂರು ತಾಲೂಕಿನಲ್ಲಿ ಯಾರೇ ಚಾಚಾನ ಹೆಸರು ಒತ್ತಿದರೂ ಮೊದಲು ಕಾಣುವುದು ಇದು:

“ಸದರಿಯವರನ್ನು ಖುದ್ದಾಗಿ ಪರಿಶೀಲಿಸಲಾಯಿತು. ನನ್ನ ಸಮಕ್ಷಮ ಒಂದು ತಾಸು ಸತತವಾಗಿ ಸುಳ್ಳು ಹೇಳಿರುತ್ತಾರೆ. ಮೊದಲಿನ ಹಠ ಮೊದಲಿನಂತೆಯೇ ಇರುತ್ತದೆ. ಆದಕಾರಣ ಇವರು ಜೀವಂತವಾಗಿರುವುದೂ, ಇವರೇ ಅವರಾಗಿರುವುದೂ ನಿಸ್ಸಂಶಯವಾಗಿ ಖಾತ್ರಿಯಾಗಿರುತ್ತದೆ.”